ಬಾಗಿಲಿಲ್ಲದ ಥಂಡಿ

ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೊರಗೆ ಬಂದ ಕೂಡಲೇ ಅವರ ಕನ್ನಡಕದ ಎರಡೂ ಗಾಜು ಬೆಳ್ಳಗಾಗುತ್ತಿದ್ದವು. ಒಳಗಿನ ಥಂಡಿಯಿಂದ ಬ್ಯಾಡಗಿಯ ಏಪ್ರಿಲ್ ಸೆಕೆಗೆ ಬಂದ ಗಾಜಿನ ಮೇಲೆ ಹಬೆ ಕೂತು ಒಂದು ನಿಮಿಷ ಅವರಿಗೆ ಏನೂ ಕಾಣುತ್ತಿರಲಿಲ್ಲ. ಉಣ್ಣೆಯ ಸ್ವೆಟರು, ಹಣೆಯ ತನಕ ಮಡಚಿಟ್ಟ ಮಂಕಿ ಕ್ಯಾಪು, ಕಣ್ಣಿರಬೇಕಾದ ಕಡೆ ಎರಡು ಬಿಳಿ ಬಿಲ್ಲೆ. ಹಾಗೇ ಬಿಸಿಲಿನಲ್ಲಿ ನಿಂತು, ಎದುರಿಗೆ ಯಾರಿದ್ದಾರೆಂದು ಗೊತ್ತಿಲ್ಲದೆ, ಇದ್ದಿರಬಹುದಾದವರ ಕಡೆಗೆ ನಗುತ್ತಿದ್ದರು.

"ಒರಸ್ಕೋರಿ ಚಾಚಾ," ಎನ್ನುತ್ತಿದ್ದೆ ನಾನು.

"ತಾನ ಹೋಗತೈತಿ ತಡಿ. ಈ ತೋಳಲೆ ಒರಸಿದ್ನೆಂದ್ರ ಸಂಜಿತನಕಾ ಕಣ್ಣಾಗ ಖಾರಾ."

ಸ್ವೆಟರು ಕಂದು ಬಣ್ಣದ್ದು ಎಂದು ಮೊದಲು ಬರೆದು ಹೊಡೆದುಹಾಕಿದೆ. ಅದು ಹಸಿರು ಇದ್ದಿರಬಹುದು. ವರ್ಷಗಟ್ಟಲೆ ಮೆಣಸಿನಕಾಯಿಯ ಧೂಳು ಉಣ್ಣೆಯೊಳಗೆ ಇಳಿದರೆ ಯಾವ ಬಣ್ಣವಾದರೂ ಕೊನೆಗೆ ಬ್ಯಾಡಗಿಯ ಬಣ್ಣವೇ ಆಗುತ್ತದೆ. ನೆನಪಿನ ಗತಿಯೂ ಹೆಚ್ಚುಕಡಿಮೆ ಹಾಗೇ. ಅವರ ಬಗ್ಗೆ ನಾನಿಲ್ಲಿ ಹೇಳುವುದರಲ್ಲಿ ಒಂದಷ್ಟು ನಾನೇ ಕಂಡದ್ದು, ಒಂದಷ್ಟು ಬೇರೆಯವರು ಹೇಳಿದ್ದು. ಎಲ್ಲಕ್ಕಿಂತ ಮುಖ್ಯವಾದ ಗಳಿಗೆಯಲ್ಲಿ ನಾನು ಅಲ್ಲಿ ಇರಲೇ ಇಲ್ಲ.

ಅವರು ಆ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್. ಡಿಗ್ರಿ ಮುಗಿಸಿ ನಾನು ಅಲ್ಲಿ ಎರಡು ವರ್ಷ ಕ್ಲಾರ್ಕ್ ಆಗಿದ್ದೆ; ಆಮೇಲೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಸೇರಿದೆ. ಹಮಾಲರಿಗೆ, ರೈತರಿಗೆ, ದಲಾಲರಿಗೆ, ಕೊನೆಗೆ ಮಾಲೀಕರಿಗೂ ಅವರು ಚಾಚಾ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ಬೈಯುವುದು ಮಾತ್ರ ಯಾವಾಗಲೂ ಕನ್ನಡದಲ್ಲಿ, ಆಮೇಲಿನ ಸಮಾಧಾನ ಉರ್ದುವಿನಲ್ಲಿ. ಯಾಕೆ ಹೀಗೆ ಎಂದರೆ, "ಬೈಗಳಾ ಎಲ್ಲಾರಿಗೂ ತಿಳೀಬೇಕು. ಸಮಾಧಾನ ತಿಳೀದಿದ್ರೂ ನಡೀತೈತಿ" ಎನ್ನುತ್ತಿದ್ದರು.

ಚೇಂಬರಿನ ಬಾಗಿಲು ಮುಚ್ಚುವುದಕ್ಕೆ ಅವರದೊಂದು ಪದ್ಧತಿ ಇತ್ತು. ಒಳಗೆ ಹೋಗುವವರು ಯಾರೇ ಆಗಲಿ, ತಮ್ಮ ಚಪ್ಪಲಿ ಹೊರಗೆ ಬಿಟ್ಟು ಅಲ್ಲಿಟ್ಟಿದ್ದ ರಬ್ಬರ್ ಬೂಟು ಹಾಕಿಕೊಂಡೇ ಹೋಗಬೇಕು. ಬಾಗಿಲು ಹಾಕುವ ಮುಂಚೆ ಅವರು ಚಪ್ಪಲಿ ನೋಡುತ್ತಿದ್ದರು. ಒಂದು ಜೊತೆ ಉಳಿದಿದ್ದರೂ ಬಾಗಿಲು ಮುಚ್ಚುವಂತಿಲ್ಲ. ಒಂದೂ ಉಳಿಯದಿದ್ದರೂ ಹೊಸ್ತಿಲಲ್ಲಿ ನಿಂತು ಮೂರು ಸಲ ಕೂಗುತ್ತಿದ್ದರು: "ಒಳಗ ಯಾರದೀರಿ?" ಪ್ರತಿ ಕೂಗಿನ ನಂತರ ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸಿಕೊಂಡು ಕಿವಿಗೊಟ್ಟು ನಿಲ್ಲುವುದು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ, ಕೆಮ್ಮುವಂತಿರಲಿಲ್ಲ. ಮೆಣಸಿನಕಾಯಿಯ ಘಾಟಿನಲ್ಲಿ ಕೆಮ್ಮು ತಡೆಯುವುದೆಂದರೆ ಏನೆಂದು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ಊಟದ ಹೊತ್ತಾಗಿತ್ತೆಂದು ನಾನೇ ಬಾಗಿಲಲ್ಲಿ ನಿಂತು ಗಡಿಬಿಡಿಯಲ್ಲಿ ಮೂರಲ್ಲ, ನಾಲ್ಕು ಸಲ ಕೂಗಿಬಿಟ್ಟೆ. ಚಾಚಾ ನನ್ನ ಕೈಯಿಂದ ಬಾಗಿಲಿನ ಹಿಡಿಕೆ ಬಿಡಿಸಿದರು.

"ಕೂಗೂದು ದೊಡ್ಡ ಕೆಲಸ ಅಲ್ಲೋ ಕ್ಲಾರ್ಕ್ ಸಾಹೇಬ. ಕೇಳೂದು ದೊಡ್ಡದು. ಚೀಲ ದನಿ ನುಂಗತಾವು. ನೀ ಒದರಿದ್ದು ಅವಗ ಮುಟ್ಟಬೇಕು, ಅಂವಾ ಅಂದಿದ್ದು ನಿನಗ ಮುಟ್ಟಬೇಕು. ಇಪ್ಪತ್ತ ಎಣಸು. ಆಮ್ಯಾಲ ಊಟಕ್ಕ ಹೋಗು."

ಈ ಪದ್ಧತಿ ಎಲ್ಲಿಂದ ಬಂತೆಂದು ಒಂದು ದಿನ ಚಹಾ ಕುಡಿಯುವಾಗ ಕೇಳಿದೆ. ಹೇಳಲಿಕ್ಕಿಲ್ಲ ಅಂದುಕೊಂಡಿದ್ದೆ, ಹೇಳಿದರು. ನಾನು ಸೇರುವುದಕ್ಕೆ ಎಷ್ಟೋ ವರ್ಷ ಮುಂಚೆ, ಒಂದು ಬೇಸಿಗೆಯ ಮಧ್ಯಾಹ್ನ, ಅವರು ಬಾಗಿಲು ಹಾಕಿ ಹೊರಗಿನಿಂದ ದೀಪ ಆರಿಸಿ ಮನೆಗೆ ಹೋಗಿದ್ದರು. ಚೀಲಗಳ ನಿಟ್ಟಿನ ಹಿಂದೆ ಒಬ್ಬ ಹಮಾಲ ಉಳಿದುಬಿಟ್ಟಿದ್ದ. ಕತ್ತಲಲ್ಲಿ ಬಾಗಿಲು ಹುಡುಕುತ್ತ ನಿಟ್ಟು ಹತ್ತಿ ಇಳಿಯುವಾಗ ಬಿದ್ದು ಅವನ ತೊಡೆಯ ಎಲುಬು ಮುರಿಯಿತು. ಸಂಜೆ ಅವನ ಹೆಂಡತಿ ಹುಡುಕಿಕೊಂಡು ಬಂದ ಮೇಲೆಯೇ ಬಾಗಿಲು ತೆರೆದದ್ದು. ಎಲುಬು ಕೂಡಿತು, ಕಾಲು ನೆಟ್ಟಗಾಗಲಿಲ್ಲ. ಅವನು ಮತ್ತೆ ಚೀಲ ಹೊರಲಿಲ್ಲ.

"ಅವತ್ತ ನಾ ಕೂಗಲಿಲ್ಲೋ," ಎಂದರು ಚಾಚಾ. "ಎಷ್ಟ ನೆನಸಿದ್ರೂ ಕೂಗಿದ್ದು ನೆಪ್ಪಿಗಿ ಬರೂದಿಲ್ಲ. ಅಂದ್ರ ಕೂಗಿಲ್ಲ."

ಕದರಮಂಡಲಗಿಯಲ್ಲಿ ಆಂಜನೇಯನ ಗುಡಿಯ ರಸ್ತೆಗೆ ಆ ಹಮಾಲನಿಗೆ ಕಾಯಿ ಕರ್ಪೂರದ ಒಂದು ಸಣ್ಣ ಅಂಗಡಿ ಹಾಕಿಸಿಕೊಟ್ಟವರು ಚಾಚಾನೇ. ಪ್ರತಿ ಶನಿವಾರ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಶನಿವಾರವೆಂದರೆ ಬಸ್ಸಿನ ತುಂಬ ಹನುಮಪ್ಪನ ಭಕ್ತರು. ನಾನೊಮ್ಮೆ ಜೊತೆಗಿದ್ದಾಗ ಕಂಡಕ್ಟರ್ ಚೇಷ್ಟೆ ಮಾಡಿದ: "ಏನ್ ಚಾಚಾ, ಹನಮಪ್ಪಗ ಹರಕಿ ಹೊತ್ತೀರೇನು? ಒಂದ ಶನಿವಾರಾನೂ ತಪ್ಪಸಂಗಿಲ್ಲಲ್ಲ?"

"ಹನಮಪ್ಪಂದೇನ ತಕರಾರಿಲ್ಲಪಾ. ಅವನ ಓಣ್ಯಾಗೊಬ್ಬ ದೋಸ್ತ ಅದಾನ, ಅವಂದ ತಕರಾರು. ತಡಾ ಆದ್ರ ಬೈತಾನ."

ಅಂಗಡಿಯ ಮುಂದೆ ಸ್ವೆಟರ್ ಹಾಕಿಕೊಂಡು ಕೂತು ಭಕ್ತರಿಗೆ ತೆಂಗಿನಕಾಯಿಯ ಜುಟ್ಟು ಬಿಡಿಸಿ ಕೊಡುತ್ತಿದ್ದರು. ಹಮಾಲ ಅವರನ್ನು ಬೈಯುತ್ತಿದ್ದದ್ದು ನಿಜ. ಜುಟ್ಟು ಬಹಳ ಕಿತ್ತಿರಿ, ಕಡಿಮೆ ಕಿತ್ತಿರಿ, ಗಿರಾಕಿಗೆ ಒಡೆದ ಕಾಯಿ ಕೊಟ್ಟಿರಿ. ಚಾಚಾ ಬೈಸಿಕೊಳ್ಳುತ್ತಿದ್ದರು. ಬೇರೆ ಎಲ್ಲೂ ಅವರು ಯಾರಿಂದಲೂ ಬೈಸಿಕೊಂಡದ್ದು ನಾನು ಕಂಡಿಲ್ಲ.

ಅವರು ನಿವೃತ್ತರಾದಾಗ ಶಾಲು ಹೊದೆಸುವುದು, ಹಾರ ಹಾಕುವುದು ಎಲ್ಲ ಆಯಿತು. ನನ್ನ ಜೊತೆ ಕಾಲೇಜಿನಲ್ಲಿ ಓದಿದವನೊಬ್ಬ ಮೆಣಸಿನಕಾಯಿ ದಲಾಲ. ಅವನ ಮಾಲೆಲ್ಲ ಆ ಕೋಲ್ಡ್ ಸ್ಟೋರೇಜಿನಲ್ಲೇ ಇರುತ್ತಿತ್ತು, ಚಾಚಾನಿಂದ ದಿನಕ್ಕೆರಡು ಸಲ ಬೈಸಿಕೊಂಡು ಬೆಳೆದವನು. ಅವನು ಕೇಳಿದ: "ಚಾಚಾ, ಇನ್ನ ಕೆಲಸಿಲ್ಲ ಬೊಗಸಿಲ್ಲ. ಏನ್ ಆಶಾ ಐತಿ ಹೇಳ್ರಿ."

ಚಾಚಾ ಯೋಚಿಸಿದರು. "ಇಷ್ಟ ವರ್ಷ ಥಂಡ್ಯಾಗ ಕಳದೇನಿ. ಬಾಗಲಾ ಇಲ್ಲದ್ದ ಥಂಡಿ ಒಂದ ಸಲಾ ನೋಡಬೇಕಪಾ."

ಅದನ್ನು ದಲಾಲ ಹಿಡಿದುಕೊಂಡ. ಕಾಶ್ಮೀರದ ಗುಲ್ಮಾರ್ಗಿನಲ್ಲಿ ಹಿಟ್ಟಿನಂಥ ಹೊಸ ಹಿಮದ ಮೇಲೆ ಜನ ಜಾರಿ ಇಳಿಯುವ ವಿಡಿಯೋಗಳನ್ನು ಎಷ್ಟೋ ತಿಂಗಳಿನಿಂದ ಫೋನಿನಲ್ಲಿ ನೋಡುತ್ತಿದ್ದವನಿಗೆ ಒಂದು ನೆಪ ಬೇಕಾಗಿತ್ತು. ಹೋದರೆ ಫೆಬ್ರುವರಿಯಲ್ಲೇ ಹೋಗಬೇಕು, ಆಗ ಹಿಮ ಚೆನ್ನಾಗಿರುತ್ತದೆ ಎಂದ. ಫೆಬ್ರುವರಿಯೆಂದರೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮಾಲು. ಅವನ ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದನಂತೆ, "ಸುಗ್ಗ್ಯಾಗ ಹಿಮಾ ನೋಡಾಕ ಹೊಂಟಾನ್ರಿ ನನ್ನ ಮಗಾ. ಇಂಥಾದ್ದೊಂದು ಹುಟ್ಟಲಿ ಅಂತ ಹನಮಪ್ಪಗ ಉದ್ದಕ ಬಿದ್ದ ದೀಡ ನಮಸ್ಕಾರ ಹಾಕಿದ್ದೆ ನಾ."

ಚಾಚಾನ ಹೆಂಡತಿ ಚಾಚಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಒಂದೇ ಮಾತು ಹೇಳಿದರು: "ಥಂಡಿ ಬೇಕಂದ್ರ ಫ್ರಿಜ್ ಬಾಗಲಾ ತಗದು ಮುಂದ ಕುಂಡ್ರಬಾರದೇನು? ಅಷ್ಟ ದೂರ ಯಾಕ?"

ಮೂವರೇ ಹೋದೆವು: ಚಾಚಾ, ದಲಾಲ, ನಾನು.

ಅಲ್ಲಿ ನಮಗೆ ಸ್ಕೀ ಕಲಿಸಲು ಸಿಕ್ಕವನು ಒಬ್ಬ ಕಾಶ್ಮೀರಿ. ಚಾಚಾ ಅವನನ್ನು ಉಸ್ತಾದ್ ಎಂದು ಕರೆದರು, ನಾವೂ ಹಾಗೇ ಕರೆದೆವು. ಮೊದಲ ದಿನ ಕಾಲಿಗೆ ಹಲಗೆಗಳನ್ನು ಕಟ್ಟಿಸಿಕೊಂಡು ಚಾಚಾ ಅವನ ಕೈ ಹಿಡಿದು ಗಂಭೀರವಾಗಿ ಹೇಳಿದರು: "ಹಮ್ನಾ ಗಿರ್ನಾ ನಕ್ಕೋ ಉಸ್ತಾದ್." ನಮಗೆ ಬೀಳುವುದು ಬೇಡ ಎಂದು. ಉಸ್ತಾದ್ ನಕ್ಕು ನಕ್ಕು ಹಿಮದ ಮೇಲೆ ಕೂತುಬಿಟ್ಟ. ಇದು ಯಾವ ನಾಡಿನ ಉರ್ದು ಎಂದು ಕೇಳಿದ. "ಮೆಣಸಿನಕಾಯಿ ನಾಡಿಂದು. ಸ್ವಲ್ಪ ಖಾರ" ಎಂದು ಚಾಚಾ ಉತ್ತರ ಕೊಟ್ಟರು. ಮೂರನೆಯ ದಿನದ ಹೊತ್ತಿಗೆ ಆತನೇ ತನ್ನ ಬೇರೆ ಶಿಷ್ಯರಿಗೆ "ನಕ್ಕೋ, ನಕ್ಕೋ" ಎನ್ನುತ್ತಿದ್ದ.

ಬಿದ್ದವರು ನಾವು. ಚಾಚಾ ಬೀಳಲಿಲ್ಲ. ಹಲಗೆಗಳ ಮುಂತುದಿ ಕೂಡಿಸಿ, ಹಿಂತುದಿ ಅಗಲಿಸಿ, ಮಂಡಿ ಬಗ್ಗಿಸಿ ನಿಧಾನವಾಗಿ ಇಳಿಯಬೇಕು ಎಂದು ಉಸ್ತಾದ್ ಹೇಳಿಕೊಟ್ಟ. ಅರವತ್ತು ದಾಟಿದ ಚಾಚಾ ಹಾಗೆ ನಿಂತ ಕೂಡಲೇ ನನಗೆ ಗುರುತು ಹತ್ತಿತು: ಒದ್ದೆ ನೆಲದ ಮೇಲೆ ಚೀಲ ಹೊತ್ತ ಹಮಾಲ ಹೀಗೇ ನಡೆಯುತ್ತಾನೆ.

"ಬೆನ್ನಮ್ಯಾಗ ಚೀಲ ಐತಿ ಅಂತ ತಿಳಕೋರಿ," ಎಂದು ನಮಗೆ ಪಾಠ ಹೇಳಿದರು. "ಸೌಕಾರ್ರ, ನೀವು ಚೀಲ ಮಾರೀರಿ, ಹೊತ್ತಿಲ್ಲ. ಅದಕ್ಕ ಬೀಳತೀರಿ."

"ನೀವೂ ಹೊತ್ತಿಲ್ಲಲ್ರಿ ಚಾಚಾ!" ಎಂದ ಹಿಮದಲ್ಲಿ ಬಿದ್ದಿದ್ದ ದಲಾಲ.

"ಹೊತ್ತೋರನ್ನ ನೋಡೇನಿ. ನೀ ಅದನ್ನೂ ಮಾಡಿಲ್ಲ."

ನಾಲ್ಕನೆಯ ದಿನ ಹಗಲೂ ರಾತ್ರಿ ಹಿಮ ಬಿತ್ತು. ಐದನೆಯ ದಿನ ಬೆಳಿಗ್ಗೆ ನಿಂತಿತು. ಆ ಬೆಳಗನ್ನು ಬರೆಯಲು ನನಗೆ ಸಂಕೋಚ. ಇಂಥ ಬೆಳಗು ನೆನಪಿನಲ್ಲಿ ತಾನೇ ತಾನಾಗಿ ಚೆಂದವಾಗಿಬಿಡುತ್ತದೆ, ಅಲ್ಲಿದ್ದ ಡೀಸೆಲ್ ವಾಸನೆ, ನನ್ನ ಒದ್ದೆ ಕಾಲುಚೀಲ, ದಲಾಲನ ಹೊಟ್ಟೆನೋವು ಎಲ್ಲ ಬಿಟ್ಟುಹೋಗುತ್ತವೆ. ಆದರೂ ಇಷ್ಟು ಖಚಿತ: ಬೆಟ್ಟ ಹತ್ತಿಸುವ ಕೇಬಲ್ ಕಾರು, ಗೊಂಡೋಲಾದಿಂದ ಇಳಿದ ಮೇಲೆ ಚಾಚಾ ಕೈಗವಸು ತೆಗೆದು ಒಂದು ಮುಷ್ಟಿ ಹಿಮ ಹಿಡಿದು ಹಿಸುಕಿ, ಕೈ ಬಿಚ್ಚಿದರು. ಚೀಲದಲ್ಲಿ ಕೈಯಿಟ್ಟು ಮೆಣಸಿನಕಾಯಿ ಹಸಿಯೋ ಒಣಗಿದೆಯೋ ನೋಡುವ ರೀತಿ ಅದು. ಹಿಮ ಉಂಡೆಯಾಗಲಿಲ್ಲ. ಅಂಗೈಯಿಂದ ಹಿಟ್ಟಿನಂತೆ ಹಾರಿಹೋಯಿತು.

"ಒಣಾ ಮಾಲು," ಎಂದರು. "ತೂಕಕ್ಕಂತ ನೀರ ಹೊಡದಿಲ್ಲ."

"ಟೆಂಡರ್ ಹಾಕೂಣೇನ್ರಿ?" ದಲಾಲ ಕೇಳಿದ.

"ನಿನ್ನ ಕೈಗೆ ಹತ್ತೂ ಮಾಲಲ್ಲ ಇದು. ನಡಿ."

ಹೊಸ ಹಿಮದ ಮೇಲೆ ಇಳಿಯುವಾಗ ಹಲಗೆಗಳು ಕಾಣುವುದಿಲ್ಲ. ಮೊಣಕಾಲಿನ ತನಕ ಬಿಳಿ, ಕೆಳಗೆ ಏನೋ ತನ್ನಷ್ಟಕ್ಕೆ ತೇಲುತ್ತದೆ. ನಾಲ್ಕು ದಿನ ಕರಕರ ಎನ್ನುತ್ತಿದ್ದ ಇಳಿಜಾರು ಅವತ್ತು ಮೂಕವಾಗಿತ್ತು. ದಲಾಲ ಮುಂದೆ ಹೋಗಿ ಬಿದ್ದ, ನಾನು ಅವನ ಮೇಲೆ ಬಿದ್ದೆ, ಬಿದ್ದದ್ದೂ ಹಾಸಿಗೆಯ ಮೇಲೆ ಬಿದ್ದಂತೆ. ಇಬ್ಬರೂ ಮಲಗಿದಲ್ಲಿಂದಲೇ ತಲೆ ಎತ್ತಿ ನೋಡಿದೆವು. ಚಾಚಾ ಬರುತ್ತಿದ್ದರು. ಅಗಲಿಸಿದ್ದ ಹಲಗೆಗಳನ್ನು ಮೊದಲ ಸಲ ನೆಟ್ಟಗೆ ಮಾಡಿದ್ದರು. ಎದೆಯ ತನಕ ಹಿಮದ ಹೊಗೆ ಎದ್ದಿತ್ತು. ನಮ್ಮನ್ನು ದಾಟಿ ಹೋಗುವಾಗ ದೊಡ್ಡದಾಗಿ ಕೂಗಿದರು. "ಯಾ ಅಲ್ಲಾ" ಎಂದರೆಂದು ನನ್ನ ನೆನಪು. ಎತ್ತು ಹೊಡೆಯುವವರಂತೆ "ಹೋಯ್ ಹೋಯ್" ಎಂದರೆಂದು ದಲಾಲ ಆಣೆ ಮಾಡುತ್ತಾನೆ. ಅವನು ತೆಗೆದ ವಿಡಿಯೋದಲ್ಲಿ ಅವನದೇ ನಗು ಬಿಟ್ಟರೆ ಏನೂ ಕೇಳುವುದಿಲ್ಲ.

ಕೆಳಗೆ ನಿಂತು ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಗಾಳಿಗೆ ಎಂದರು.

ಮಧ್ಯಾಹ್ನ ಮಂಜು ಕವಿಯಿತು. ಮೂರನೆಯ ಸಲ ಇಳಿಯುತ್ತಿದ್ದೆವು. ಇಳಿಜಾರಿನ ಮೇಲೆಲ್ಲ ಜನ ಓಡಾಡಿ ಗೆರೆ ಬಿದ್ದಿದ್ದವು. ಎಡಗಡೆಯ ದೇವದಾರು ಮರಗಳ ನಡುವೆ ಯಾರೂ ಮುಟ್ಟದ ಹಿಮ ಕಾಣುತ್ತಿತ್ತು. ಮರಗಳ ಕಡೆ ಹೋಗಬಾರದೆಂದು ಉಸ್ತಾದ್ ದಿನವೂ ಹೇಳಿದ್ದ. ನಾನು ಹೋದೆ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಮರದ ಬುಡದ ಸಡಿಲ ಹಿಮದಲ್ಲಿ ಎದೆಮಟ್ಟ ಹೂತುಹೋದೆ. ಒಂದು ಹಲಗೆ ಕಳಚಿ ಎಲ್ಲೋ ಹೋಯಿತು, ಇನ್ನೊಂದು, ಮುಂತುದಿ ಮಾತ್ರ ಹಿಮದ ಮೇಲೆ ಉಳಿದು, ಕಾಲನ್ನು ತಿರುಚಿ ಹಿಡಿದುಕೊಂಡಿತು. ಏಳಲು ಕೈ ಊರಿದರೆ ಕೈ ಒಳಗೆ ಹೋಗುತ್ತದೆ. ಕೋಲು ಊರಿದರೆ ಕೋಲು ಒಳಗೆ. ಬೆಳಿಗ್ಗೆ ಮುದ್ದಿನಿಂದ ಮುಟ್ಟಿದ ಅದೇ ಒಣ ಹಿಮ. ಆಧಾರವೆಂದು ಅದರಲ್ಲಿ ಏನೂ ಇರಲಿಲ್ಲ. ಫೋನು ಒಳಜೇಬಿನಲ್ಲಿತ್ತು, ಕೈ ಅಲ್ಲಿಗೆ ಹೋಗಲಿಲ್ಲ. ಕೂಗಿದೆ. ನನ್ನ ಕೂಗು ನನ್ನ ಬಾಯಿಯಿಂದ ಒಂದು ಮಾರು ಆಚೆಗೂ ಹೋದಂತೆ ಅನ್ನಿಸಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಮೊದಲು ಕಾಲು ನೋಯಿತು, ಆಮೇಲೆ ನೋಯಲಿಲ್ಲ. ನೋಯದೇ ಹೋದದ್ದು ಒಳ್ಳೆಯದಲ್ಲ ಎಂಬುದು ತಿಳಿಯುವಷ್ಟು ಎಚ್ಚರವಿತ್ತು.

ಇನ್ನು ಮುಂದಿನದು ನಾನು ಕಾಣದ್ದು. ದಲಾಲ ಹೇಳಿದ್ದು ಹೀಗೆ.

ಸ್ಕೀ ಬಾಡಿಗೆಗೆ ಕೊಡುವ ಅಂಗಡಿಗೆ ಅವರು ಬಂದಾಗ ನಾಲ್ಕೂವರೆ. ಗೊಂಡೋಲಾ ನಿಂತಿತ್ತು. ನಾನು ಇನ್ನೊಂದು ಗುಂಪಿನ ಜೊತೆ ಮುಂಚೆಯೇ ಇಳಿದಿದ್ದೇನೆಂದು ಯಾರೋ ಉಸ್ತಾದನಿಗೆ ಹೇಳಿದ್ದರು. ದಲಾಲನೂ ಅದನ್ನೇ ಹೇಳಿದ.

"ಅಂವಾ ಚಾದಂಗಡ್ಯಾಗ ಅದಾನ್ರಿ ಚಾಚಾ. ನೀಲಿ ಕೋಟು ನಾನ ನೋಡೇನಿ."

ಚಾಚಾ ಗೋಡೆಯ ಕಡೆ ತಿರುಗಿದರಂತೆ. ಗೋಡೆಗೆ ಒಂದು ಮರದ ಕಪಾಟು. ಬಾಡಿಗೆಯ ಸ್ಕೀ ಬೂಟು ಹಾಕಿಕೊಂಡವರು ತಮ್ಮ ಬೂಟುಗಳನ್ನು ಅದರಲ್ಲಿ ಇಟ್ಟು ಹೋಗುತ್ತಾರೆ. ಹೆಚ್ಚಿನ ಖಾನೆಗಳು ಖಾಲಿಯಾಗಿದ್ದವು. ಕೆಳಗಿನ ಸಾಲಿನಲ್ಲಿ ರಾಣೆಬೆನ್ನೂರಿನಲ್ಲಿ ಕೊಂಡ ನನ್ನ ಕರಿಯ ಬೂಟುಗಳಿದ್ದವು.

"ಕೋಟು ಬಾಡಿಗಿದು," ಎಂದರು ಚಾಚಾ. "ಇಲ್ಲಿ ಎಲ್ಲಾರ್ದೂ ನೀಲಿನ. ಬೂಟು ಅವಂದು. ಇಲ್ಲೇ ಅದಾವು."

"ಸ್ಕೀ ಬೂಟ ಹಾಕ್ಕೊಂಡ ಚಾ ಕುಡ್ಯಾಕ ಹೋಗಿರಬೇಕ್ರಿ..."

"ಹೋಗಿರಬೇಕು ಅನ್ನೂದು ಬ್ಯಾಡ ನನಗ. ಹೋಗ್ಯಾನೇನು?"

ದಲಾಲ ಚಹಾದಂಗಡಿಗೆ ಓಡಿದ. ನೀಲಿ ಕೋಟಿನವನು ಲೂಧಿಯಾನದ ಯಾರೋ. ಓಡಿ ವಾಪಸು ಬರುವಷ್ಟರಲ್ಲಿ ಚಾಚಾ ರಕ್ಷಣೆಯ ಸಿಬ್ಬಂದಿಯ ಹಿಮದ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಹತ್ತಿ ಕೂತಿದ್ದರು. ವಯಸ್ಸಾದವರು ಬರಬೇಡಿ ಎಂದು ಅವರು, ಇಳಿಯುವುದಿಲ್ಲ ಎಂದು ಇವರು. ಇಲ್ಲಿ ಕಥೆ ಒಡೆಯುತ್ತದೆ. ಚಾಚಾ ಕನ್ನಡದಲ್ಲಿ ಎಲ್ಲರನ್ನೂ ಬೈದರು ಎನ್ನುತ್ತಾನೆ ದಲಾಲ. ಉಸ್ತಾದನನ್ನು ಆಮೇಲೆ ಫೋನಿನಲ್ಲಿ ಕೇಳಿದೆ; ಬೈಯಲಿಲ್ಲ, ಕೈ ಮುಗಿದರು ಎಂದ. ಕನ್ನಡ ತಿಳಿಯದವನಿಗೆ ಬೈಗುಳ ಪ್ರಾರ್ಥನೆಯಾಗಿ ಕೇಳಿಸಿತೋ ಏನೋ. ಎರಡೂ ನಡೆದಿರಬಹುದು.

ನನ್ನನ್ನು ಕೊನೆಯ ಸಲ ಕಂಡ ಜಾಗದ ಹತ್ತಿರದ ಮರಗಳ ಅಂಚಿಗೆ ಬಂದಾಗ ಬೆಳಕು ಇಳಿಯುತ್ತಿತ್ತು. ಸ್ಕೂಟರಿನಲ್ಲಿ ಬಂದವರು, ಅವರ ಹಿಂದೆ ಇನ್ನೊಂದರಲ್ಲಿ ಬಂದ ಉಸ್ತಾದ್ ಮತ್ತು ದಲಾಲ, ಎಲ್ಲರೂ ಒಮ್ಮೆಗೇ ಕೂಗತೊಡಗಿದರು, ಸೀಟಿ ಊದಿದರು. ಚಾಚಾ ಎರಡೂ ಕೈ ಎತ್ತಿ "ಚುಪ್" ಎಂದರು. ಎಂಜಿನ್ ನಿಲ್ಲಿಸಲು ಹೇಳಿದರು. ಹಿಮವೂ ದನಿ ನುಂಗುತ್ತದೆ ಎಂದು ಅವರಿಗೆ ಅಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಬಾಯಿಗೆ ಅಂಗೈ ಕಟ್ಟಿಕೊಂಡು, ಬಾಗಿಲೂ ಇಲ್ಲದ ಗೋಡೆಯೂ ಇಲ್ಲದ ಆ ಕಾಡಿಗೆ ಕೂಗಿದರು:

"ಒಳಗ ಯಾರದೀರಿ?"

ಇಪ್ಪತ್ತು ಎಣಿಸಿದರು. ಏನೂ ಇಲ್ಲ. ಮತ್ತೆ ಕೂಗಿದರು, ಮತ್ತೆ ಇಪ್ಪತ್ತು. ಕತ್ತಲಾಗುತ್ತಿದೆ, ಮುಂದೆ ಹೋಗಿ ಹುಡುಕೋಣ ಎಂದು ಸ್ಕೂಟರಿನವ ಅವಸರ ಮಾಡಿದ. ಚಾಚಾ ಅವನ ಬಾಯಿ ಮುಚ್ಚಿ ಹಿಡಿದರಂತೆ. ಮೂರನೆಯ ಕೂಗು. ದಲಾಲನೂ ಮನಸ್ಸಿನಲ್ಲೇ ಎಣಿಸುತ್ತಿದ್ದ. ಹದಿನೇಳಕ್ಕೋ ಹದಿನೆಂಟಕ್ಕೋ, ಎಡಗಡೆ ಕೆಳಗಿನಿಂದ ಟಕ್ ಎಂದು ಒಂದು ಸಣ್ಣ ಸದ್ದು. ಮತ್ತೆ ಟಕ್. ಕೋಲಿನಿಂದ ಹಲಗೆಗೆ ಬಡಿದ ಸದ್ದು.

ನಾನು ಬಡಿದ ನೆನಪು ನನಗಿಲ್ಲ. ಮೂರೂ ಕೂಗು ಕೇಳಿದ್ದು, ಮೂರಕ್ಕೂ "ಓ" ಎಂದು ದೊಡ್ಡ ದನಿಯಲ್ಲಿ ಉತ್ತರ ಕೊಟ್ಟದ್ದು ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಅಲ್ಲಿದ್ದ ನಾಲ್ಕೈದು ಜನರಲ್ಲಿ ಒಬ್ಬರಿಗೂ ನನ್ನ "ಓ" ಕೇಳಿಲ್ಲ. ನನಗಿಂತ ಅವರನ್ನು ನಂಬುತ್ತೇನೆ.

ಕೆಳಗಿನ ಅಂಗಡಿಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಚಾಚಾ ನೆಲಕ್ಕೆ ಮಂಡಿಯೂರಿ ನನ್ನ ಸ್ಕೀ ಬೂಟಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಪಾದಗಳನ್ನು ತಮ್ಮ ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಬಹಳ ಹೊತ್ತಿನ ಮೇಲೆ ನನ್ನ ಬೂಟು ತಂದು ಹಾಕಿ ಲೇಸು ಕಟ್ಟಿದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ಅಬ್ ಬಂದ್ ಕರೋ ಭಾಯಿ" ಎಂದರು, ಇನ್ನು ಬಾಗಿಲು ಹಾಕು ಎಂದು.

ವಾಪಸು ಬರುವಾಗ ರೈಲಿನಲ್ಲಿ ನಾನೊಂದು ಮೂರ್ಖ ಮಾತು ಆಡಿದೆ. ಕಥೆಗಳಲ್ಲಿ ಎಲ್ಲ ಕೊನೆಗೆ ಸರಿಹೋಗುವ ಹಾಗೆ ಇದೂ ಹೋಗಿದೆ ಎಂದು ನನಗೆ ಅನ್ನಿಸಿತ್ತು. "ಚಾಚಾ, ಅವತ್ತ ಒಬ್ಬಾಂವ ಒಳಗ ಉಳದಿದ್ದ, ಈಗ ಒಬ್ಬಾಂವನ್ನ ಹೊರಗ ತಗದ್ರಿ. ಇನ್ನ ಅದನ್ನ ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

"ನೀ ಬದುಕಿದ್ರ ಅವನ ಕಾಲು ನೆಟ್ಟಗಾತೇನು?"

ಮತ್ತೆ ಕಿಟಕಿಯ ಕಡೆ ತಿರುಗಿದರು.

ಕಳೆದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಎದೆಗೆ ಇಳಿಯಿತು. ಹಾವೇರಿಯ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಶುಕ್ರವಾರ ಸಂಜೆ ನೋಡಲು ಹೋದಾಗ, ಮೂಗಿನ ನಳಿಗೆಯನ್ನು ಒಂದು ಕೈಯಲ್ಲಿ ಸರಿಸಿ, "ನಾಳೆ ಶನಿವಾರೇನು?" ಎಂದರು. ಹೌದೆಂದೆ. "ಕದರಮಂಡಲಗಿಗೆ ಒಂದಿಷ್ಟ ಹೋಗಿ ಬಾ. ನಾ ಬರಾಕಾಗಿಲ್ಲ ಅಂತ ಹೇಳು. ಹಾದಿ ನೋಡತಾನ ಅಂವಾ."

ನಾನು ಹೋಗಲಿಲ್ಲ. ಮರುದಿನ ಅವರ ಹತ್ತಿರವೇ ಇರಬೇಕು ಅನ್ನಿಸಿತು, ಇದ್ದೆ. ಶನಿವಾರ ಮಧ್ಯಾಹ್ನ ಅವರು ತೀರಿಕೊಂಡರು. ಹೋಗಿದ್ದರೆ ಅವರ ಮಾತು ನಡೆಸಿದಂತಾಗುತ್ತಿತ್ತು, ಹೋಗದ್ದರಿಂದ ಅವರ ಕೈ ಹಿಡಿದುಕೊಂಡಿದ್ದೆ. ಯಾವುದು ಸರಿ ಎಂದು ಇನ್ನೂ ಗೊತ್ತಾಗಿಲ್ಲ.

ಅದಾದ ಐದನೆಯ ಶನಿವಾರ ಬಸ್ಸು ಹತ್ತಿದೆ. ಹಮಾಲ ಅಂಗಡಿಯಲ್ಲಿ ಒಬ್ಬನೇ ಇದ್ದ. ಕಾಲು ಮುಂದೆ ಚಾಚಿ ಕೂತಿದ್ದ. ನನ್ನ ಗುರುತು ಹಿಡಿದು, ಚಾಚಾ ಕೂರುತ್ತಿದ್ದ ಸ್ಟೂಲು ಸರಿಸಿದ.

"ಬರ್ರಿ ಸರ, ಕುಂದರ್ರಿ. ಹಿಮದಾಗಿಂದ ತಗದ್ದು ನಿಮ್ಮನ್ನ ಅಲ್ರಿ? ಹತ್ತ ಸಲಾ ಹೇಳ್ಯಾರ ಚಾಚಾ. ಬೂಟ ನೋಡಿ ಕಂಡ ಹಿಡದೆ ಅಂತ."

ತೀರಿಕೊಂಡ ಸುದ್ದಿ ಅವನಿಗೆ ಮುಟ್ಟಿತ್ತು; ಚಾಚಾ ಕಳಿಸಿದ್ದ ಮಾತನ್ನು ಐದು ವಾರ ತಡವಾಗಿ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಒಬ್ಬ ಗಿರಾಕಿ ಬಂದು ಕರ್ಪೂರ ಕೊಂಡು ಹೋದ. ಆಮೇಲೆ ಹಮಾಲ ಸಣ್ಣ ದನಿಯಲ್ಲಿ ಹೇಳಿದ.

"ಒಂದ ಮಾತೈತ್ರಿ. ಅವ್ರ ಮುಂದ ಹೇಳಬೇಕಿತ್ತು. ಹೇಳಲಿಲ್ಲ. ಅವತ್ತ ಅವ್ರು ಕೂಗಿದ್ರು."

ನನಗೆ ಮೊದಲು ಅರ್ಥವಾಗಲಿಲ್ಲ.

"ಬಾಗಲಾ ಹಾಕೂಕಿಂತ ಮುಂಚೆ ಎರಡ ಸಲಾ ಕೂಗಿದ್ರು. ಯಾರರ ಅದೀರೇನು ಅಂತ. ನಾ ಕೇಳಿನಿ. ಹೊರಗ ಬಿಸಲಂದ್ರ ಬಿಸಲು, ಒಳಗ ಥಣ್ಣಗ. ಚೀಲದ ಹಿಂದ ಅಡ್ಡಾಗಿದ್ದೆ. ಓ ಅಂದ್ರ ಎಬ್ಬಿಸಿ ಲಾರಿಗೆ ಹಚ್ಚತಾರ, ಇನ್ನೊಂದ ಹತ್ತ ಮಿನಿಟ ಬಿದ್ದಿರೂಣು ಅಂತ ಸುಮ್ಮನಿದ್ದೆ. ಬಾಗಲಾ ಬಡದ ಸಪ್ಪಳಾ ಕೇಳಿ ಏಳೂದ್ರಾಗ ಲೈಟ್ ಹೋತು."

"ಇಷ್ಟ ವರ್ಷ ಯಾಕ ಹೇಳಲಿಲ್ಲ ಮತ್ತ?" ನನ್ನ ದನಿ ಏರಿತ್ತು. ನಾನು ಎದ್ದು ನಿಂತಿದ್ದೆ.

"ಮೊದಲ ಅಂಜಿಕಿ. ಮಲಗಿದ್ದಾ ಅಂತ ಗೊತ್ತಾದ್ರ ದವಾಖಾನಿ ಖರ್ಚ ಯಾರ ನೋಡ್ತಾರ್ರಿ? ಆಮ್ಯಾಲ..." ಅವನು ಬಸ್ಸುಗಳು ಬಂದು ನಿಲ್ಲುವ ಕಡೆ ನೋಡಿದ. "ಆಮ್ಯಾಲ ಅವ್ರು ಬರಾಕ ಸುರು ಮಾಡಿದ್ರು. ಪ್ರತಿ ಶನಿವಾರ. ಹೇಳಿದ್ರ ಬರೂದು ಬಿಡತಾರ ಅನಿಸ್ತು. ಇವತ್ತ ಹೇಳೂಣು, ಬರೂ ವಾರ ಹೇಳೂಣು... ಬಿಡತಿದ್ದಿಲ್ಲೇನೊ ಅವ್ರು. ಹೇಳಿದ್ರೂ ಬರತಿದ್ರೇನೊ."

ಸತ್ತವರ ಮೇಲಿನ ಭಾರ ಇಳಿಸಲು ಜನ ಸುಳ್ಳು ಹೇಳುವುದುಂಟು. ಇವನೂ ಹಾಗೇ ಹೇಳುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಭಾರ ಇಳಿಸುವವನ ಮುಖವಲ್ಲ ಅದು. ಚಾಚಾ ಕೂಗಿದ್ದರು, ಕೂಗಿದ್ದನ್ನು ಮರೆತು, ಕೂಗಲಿಲ್ಲವೆಂದು ತೀರ್ಮಾನ ಮಾಡಿಕೊಂಡು, ಅದೊಂದನ್ನೇ ಹಿಡಿದುಕೊಂಡು ಬದುಕಿದ್ದರು. ಒಂದು "ಓ" ಸಾಕಾಗಿತ್ತು, ಅಥವಾ ಆಮೇಲಿನ ಯಾವುದಾದರೂ ಒಂದು ಶನಿವಾರ ಒಂದು ಮಾತು. ಅವರು ಹಗುರಾಗುತ್ತಿದ್ದರು. ಹಗುರಾಗಿದ್ದರೆ ಚಪ್ಪಲಿ ನೋಡುತ್ತಿರಲಿಲ್ಲ, ಇಪ್ಪತ್ತು ಎಣಿಸುತ್ತಿರಲಿಲ್ಲ. ಆ ಅಂಗಡಿಯಲ್ಲಿ ಅವರೂ ಎಲ್ಲರ ಹಾಗೆ ನೀಲಿ ಕೋಟನ್ನು ನಂಬಿ ಚಹಾ ಕುಡಿಯಲು ಹೋಗುತ್ತಿದ್ದರು. ನಾನು ಮರದ ಬುಡದಲ್ಲೇ ಇರುತ್ತಿದ್ದೆ.

"ಸಿಟ್ಟ ಬಂತೇನ್ರಿ ಸರ?" ಎಂದು ಹಮಾಲ ಕೇಳಿದ.

"ಬಂತು," ಎಂದೆ.

ಎದ್ದು ನಿಂತವನು ಮತ್ತೆ ಸ್ಟೂಲಿನ ಮೇಲೆ ಕೂತೆ.